ಕಾಕನ ದಿರ್ಹಮು, ನನ್ನ ಚೀಟಿ

ಮೊನ್ನೆ ಅಟ್ಟದಿಂದ ಇಳಿಸಿ ಹಾಕಿದ್ದ ಸಾಮಾನಿನ ರಾಶಿಗೆ ಗುಜರಿಯವನು ಕೈಹಾಕಿ ಒಂದು ಅಲ್ಯೂಮಿನಿಯಂ ಕೋಲನ್ನು ಎಳೆದು ತೆಗೆದ. ಕ್ಯಾಮರಾ ಊರಿಕೊಳ್ಳುವ ಒಂಟಿಕಾಲಿನ ಸ್ಟ್ಯಾಂಡು ಅದು, ನಡುವಿನಲ್ಲಿ ಬಾಗಿದೆ. "ಇದು ಬೆಂಡ್ ಆಗಿದೆ ಅಕ್ಕ, ತೂಕಕ್ಕೆ ಹಾಕ್ತೇನೆ," ಎಂದ. ನಾನು ಅದನ್ನು ಕಿತ್ತುಕೊಂಡ ರಭಸಕ್ಕೆ ಪಾಪ, ಅವನು ಎರಡು ಹೆಜ್ಜೆ ಹಿಂದೆ ಸರಿದ. ನನ್ನ ಸಿಟ್ಟು ಅಂಥದ್ದು, ಮೊದಲಿನಿಂದಲೂ. ಆದರೆ ಆ ಸಿಟ್ಟು ಅವನ ಮೇಲಿನದ್ದಲ್ಲ. ಆ ಕೋಲನ್ನು ಬಗ್ಗಿಸಿದ್ದು ಒಬ್ಬ ಮನುಷ್ಯನ ಭುಜ. ಹೊಡೆದವರು ನನಗೆ ಕ್ಯಾಮರಾ ಹಿಡಿಯಲು ಕಲಿಸಿದ ಕಾಕ. ಹೊಡೆಯುವಂತೆ ಮಾಡಿದವಳು ನಾನು…

ಕಾಕ ಪಾಣೆಮಂಗಳೂರಿನವರು. ನನಗೆ ಸಂಬಂಧವೇನೂ ಇಲ್ಲ, ವಯಸ್ಸಾದ ಬ್ಯಾರಿ ಮುಸ್ಲಿಮರನ್ನು ನಮ್ಮ ಕಡೆ ಎಲ್ಲರೂ ಕಾಕ ಎಂದೇ ಕರೆಯುವುದು. ಶಾರ್ಜಾದಲ್ಲಿ ಒಂದು ಸ್ಟುಡಿಯೋದಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಬಂದಿದ್ದರು. ಇಲ್ಲಿ ಅಂಗಡಿ ಹಾಕಲಿಲ್ಲ. ಒಂದು ಚೀಲ, ಎರಡು ಕ್ಯಾಮರಾ, ಒಂದು ಸ್ಕೂಟರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂದು ಮದುವೆಯಿಂದ ಮದುವೆಗೆ ಓಡುತ್ತಿದ್ದರು. ಬ್ಯಾರಿಗಳ ಮದುವೆಯಲ್ಲಿ ಹೆಂಗಸರು ಕೂರುವ ಹಾಲಿಗೆ ಗಂಡಸು ಫೋಟೋದವರು ಹೋಗುವ ಹಾಗಿಲ್ಲ. ಅವರಿಗೊಬ್ಬ ಹುಡುಗಿ ಬೇಕಿತ್ತು. ನಾನು ಪುಂಜಾಲಕಟ್ಟೆಯ ರಬ್ಬರ್ ಟ್ಯಾಪಿಂಗ್ ಮಾಡುವವರ ಮಗಳು, ಬಿ.ಎ. ಮುಗಿಸಿ ಮನೆಯಲ್ಲಿ ಎಲ್ಲರ ಮೇಲೂ ರೇಗುತ್ತಾ ಕುಳಿತಿದ್ದೆ. ಯಾರೋ ಹೇಳಿದರು, ಹೋದೆ. ಅಪ್ಪ ಒಂದು ವಾರ ನನ್ನೊಡನೆ ಮಾತು ಬಿಟ್ಟರು. ಬಿಡಲಿ ಎಂದುಕೊಂಡೆ.

ಕಾಕನ ಕಲಿಸುವಿಕೆ ಎಂದರೆ ಏಟು. ಕ್ಯಾಮರಾ ಒಂದು ನೂಲು ಅಲುಗಾಡಿದರೆ ಮಣಿಕಟ್ಟಿನ ಮೇಲೆ ಪಟ್ಟನೆ ಬೀಳುತ್ತಿತ್ತು. ಫೋಕಸ್ ತಪ್ಪಿದ ಫೋಟೋ ಕಂಡರೆ ಮೇಜಿಗೆ ಗುದ್ದುತ್ತಿದ್ದರು, ಚಹಾದ ಲೋಟ ಹಾರಿ ಬೀಳುತ್ತಿತ್ತು. ಒಮ್ಮೆ ಬೆಳ್ತಂಗಡಿಯಲ್ಲಿ, ಮದುಮಗ ಮಾವನ ಕೈ ಹಿಡಿದು ನಿಕಾಹ್ ಒಪ್ಪುವ ಕ್ಷಣಕ್ಕೆ ಸರಿಯಾಗಿ ಯಾರೋ ಒಬ್ಬ ದೊಡ್ಡ ಮನುಷ್ಯ ಮೊಬೈಲ್ ಎತ್ತಿಕೊಂಡು ಅಡ್ಡ ನಿಂತ. ಕಾಕ ಆ ಮೊಬೈಲಿಗೆ ಅಂಗೈಯಿಂದ ಬಾರಿಸಿದರು, ಅದು ಹೋಗಿ ಶರಬತ್ತಿನ ಬಾಲ್ದಿಗೆ ಬಿತ್ತು. ಇಡೀ ಸಭೆ ಹೋ ಎಂದಿತು. ಕಾಕ ಮಾತ್ರ ಕಣ್ಣು ಕ್ಯಾಮರಾದಿಂದ ತೆಗೆಯಲಿಲ್ಲ. ಆ ಫೋಟೋ ಈಗಲೂ ನನ್ನ ಹತ್ತಿರ ಉಂಟು, ಮದುಮಗನ ಕಣ್ಣಿನಲ್ಲಿ ನೀರು ನಿಂತದ್ದು ಕಾಣುತ್ತದೆ. ಅಂಥ ಫೋಟೋ ನನಗೆ ಇವತ್ತಿಗೂ ತೆಗೆಯಲು ಬರುವುದಿಲ್ಲ.

ಅವರು ರೂಪಾಯಿಯಲ್ಲಿ ದರ ಹೇಳುತ್ತಿರಲಿಲ್ಲ, ಅದೊಂದು ಅವರ ಹಟ. ಗಲ್ಫಿನವರ ಮನೆಯ ಮದುವೆಯಾದರೆ ದುಬೈಯ ದುಡ್ಡು ದಿರ್ಹಮಿನಲ್ಲೇ ಮಾತು. ಮದುವೆಯ ದಿನ ದಿರ್ಹಮಿಗೆ ಎಷ್ಟು ರೂಪಾಯಿ ನಡೆಯುತ್ತದೋ ಅಷ್ಟು ಕೊಟ್ಟರಾಯಿತು. ಬೆಳಗ್ಗೆ ಎದ್ದು ನಮಾಜು ಮುಗಿಸಿದ ಕೂಡಲೇ ಬಿ.ಸಿ. ರೋಡಿನಲ್ಲಿ ಹಣ ಬದಲಿಸುವ ಅಂಗಡಿಯ ಗೆಳೆಯನಿಗೆ ಫೋನು: "ಇವತ್ತು ಎಷ್ಟು?" ಉತ್ತರ ಕೇಳಿ ಒಮ್ಮೊಮ್ಮೆ ಫೋನನ್ನೇ ಹಾಸಿಗೆಗೆ ಎಸೆಯುತ್ತಿದ್ದರು.

ಅವರಿಗೆ ಒಂದು ಲೆನ್ಸು ಬೇಕಿತ್ತು. ಉದ್ದದ ಬಿಳಿ ಲೆನ್ಸು, ಹಾಲಿನ ಆಚೆ ತುದಿಯಲ್ಲಿ ನಿಂತು ಈಚೆ ತುದಿಯವರ ರೆಪ್ಪೆ ಎಣಿಸಬಹುದಾದಂಥದ್ದು. ಇಲ್ಲಿಯ ಅಂಗಡಿಯಲ್ಲಿ ಬೆಲೆ ಮುಟ್ಟಲಿಕ್ಕಿಲ್ಲ, ಅದಕ್ಕೆ ದುಬೈಯಿಂದ ಬರುವ ಯಾರ ಕೈಯಲ್ಲಾದರೂ ತರಿಸುವ ಯೋಚನೆ. ಎರಡು ಸಲ ರೂಪಾಯಿ ಕೂಡಿಸಿದ್ದರು. ಎರಡೂ ಸಲ ಕೂಡಿಸಿ ಮುಗಿಸುವಷ್ಟರಲ್ಲಿ ರೂಪಾಯಿ ಜಾರಿ ಲೆನ್ಸಿನ ಬೆಲೆ ಏರಿತ್ತು. "ಓಡಿತು ಬೇವರ್ಸಿ!" ಎಂದು ಬಾಗಿಲಿಗೆ ಒದ್ದಿದ್ದರು. ಅವತ್ತೇ ನನ್ನನ್ನು ಕೂರಿಸಿ ಹೇಳಿದ್ದು: "ನೋಡು ಮಗಳೇ, ನನ್ನ ಹೊಟ್ಟೆಗೆ ರೂಪಾಯಿ ಸಾಕು. ಈ ಕ್ಯಾಮರಾದ ಹೊಟ್ಟೆಗೆ ರೂಪಾಯಿ ಹಿಡಿಸುವುದಿಲ್ಲ. ಅದು ತಿನ್ನುವುದೆಲ್ಲ ಹೊರಗಿನದ್ದು. ಹಾಗಾಗಿ ದುಡಿಯುವುದೂ ಹೊರಗಿನದ್ದರಲ್ಲೇ ದುಡಿಯುವ." ನನಗೆ ಅದು ಆಗ ಪೂರ್ತಿ ಅರ್ಥವಾಗಿರಲಿಲ್ಲ. ಈಗ ನಾನೇ ಸ್ವಂತ ಫೋಟೋ ತೆಗೆದು ಬದುಕುತ್ತಿದ್ದೇನೆ, ಒಂದು ಬ್ಯಾಟರಿ ಕೊಳ್ಳಲು ಹೋದರೂ ಕಳೆದ ವರ್ಷದ ಬೆಲೆ ಇರುವುದಿಲ್ಲ. ಡಾಲರ್ ಏರಿತು ಮೇಡಂ, ಎನ್ನುತ್ತಾನೆ ಅಂಗಡಿಯವ. ಈಗ ಅರ್ಥವಾಗುತ್ತದೆ.

ಲಾಭ ಹೊಡೆಯುವ ಉಪಾಯ ಎಂದು ಯಾರೂ ತಿಳಿಯಬಾರದು. ಗುರುವಾಯನಕೆರೆಯ ಹತ್ತಿರ ಒಂದು ಮನೆ, ಅಣ್ಣ ತಮ್ಮ ಇಬ್ಬರೂ ದುಬೈಯಲ್ಲಿ. ಅಣ್ಣನ ಮದುವೆಗೆ ನಾವೇ ಹೋಗಿದ್ದೆವು. ಮಾತಾದ ದಿನಕ್ಕೂ ಮದುವೆಯ ದಿನಕ್ಕೂ ನಡುವೆ ದಿರ್ಹಮ್ ಇಳಿದಿತ್ತು, ಕಾಕನಿಗೆ ಮೂರು ಸಾವಿರ ರೂಪಾಯಿ ಕಡಿಮೆ ಬಂತು. ನಾನು ಗೊಣಗಿದೆ. ಕಾಕ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. "ಮಾತು ದಿರ್ಹಮಿನದ್ದು. ಏರಿದರೆ ನನಗೆ, ಇಳಿದರೆ ಅವರಿಗೆ. ನಾಲಗೆ ಒಂದೇ ಇರುವುದು." ಅಣ್ಣ ನಗುನಗುತ್ತಾ ಕಡಿಮೆ ಹಣ ಕೊಟ್ಟ, ಬಿರಿಯಾನಿ ಕಟ್ಟಿಸಿಯೂ ಕೊಟ್ಟ.

ಅದೇ ಮನೆಯ ತಮ್ಮನ ಮದುವೆಯ ಮಾತು ಮರು ಜನವರಿಯಲ್ಲಿ ಆಯಿತು. ಹುಡುಗನಿಗೆ ರಜೆ ಸಿಗುವುದು ಮಳೆ ಮುಗಿದ ಮೇಲೆ, ಆದರೂ ಈಗಲೇ ಗೊತ್ತು ಮಾಡಿಬಿಡುವ ಎಂದರು. ಗೇರು ಹೂ ಬಿಟ್ಟ ಘಾಟು ಜಗಲಿಯವರೆಗೂ ಬರುತ್ತಿತ್ತು. ಕಾಕ ನಾಲ್ಕು ಸಾವಿರ ದಿರ್ಹಮ್ ಎಂದರು, ಅಣ್ಣ ಸರಿ ಎಂದ. ಚೀಟಿ ಬರೆಯುವುದು ನನ್ನ ಕೆಲಸ. ಕಾಕ ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಮುಂಬಯಿಗೆ ಹೋದವರು, ಕನ್ನಡದಲ್ಲಿ ಬಸ್ಸಿನ ಬೋರ್ಡು ಬಿಟ್ಟರೆ ಬೇರೇನೂ ಓದಲು ಬರುತ್ತಿರಲಿಲ್ಲ, ಬರೆಯುವುದಂತೂ ದೂರ. ನನ್ನ ಅಕ್ಷರ ದುಂಡಗೆ. ಶಾಲೆಯಲ್ಲಿ ಅದಕ್ಕೆ ಬಹುಮಾನ ಬಂದಿದೆ ಎಂಬ ಕೊಬ್ಬು ಬೇರೆ. ದಿನಾಂಕ, ಮದುವೆಯ ಜಾಗ, ಎಷ್ಟು ಆಲ್ಬಮ್ಮು, ಎಲ್ಲ ಬರೆದೆ. ಕೊನೆಗೆ "ಒಟ್ಟು ನಾಲ್ಕು ಸಾವಿರ ದಿರ್ಹಮ್" ಎಂದು ಬರೆದು, ಅಷ್ಟಕ್ಕೇ ಬಿಡಬೇಡವೇ? ಓದುವವರಿಗೆ ಸ್ಪಷ್ಟವಾಗಲಿ ಎಂದು, ಆ ದಿನದ ಲೆಕ್ಕ ಹಾಕಿ, "ಅಂದರೆ ಎಪ್ಪತ್ತು ಸಾವಿರ ರೂಪಾಯಿ" ಎಂದು ಸೇರಿಸಿದೆ. ಯಾರೂ ಕೇಳಿರಲಿಲ್ಲ. ಲೆಕ್ಕದ ಉತ್ತರದ ಕೆಳಗೆ ಎರಡು ಗೆರೆ ಎಳೆಯುವ ಅಭ್ಯಾಸ ನನ್ನದು, ಅದನ್ನೂ ಎಳೆದೆ. ಕಾಕ ಚೀಟಿಯ ಕೆಳಗೆ ಇಂಗ್ಲಿಷಿನ ಎರಡಕ್ಷರದ ಸಹಿ ಹಾಕಿದರು.

ಆ ವರ್ಷ ರೂಪಾಯಿ ದಬದಬನೆ ಬಿತ್ತು. ಮಳೆ ಹಿಡಿಯುವಾಗ ಒಂದಿಷ್ಟು, ಮಳೆ ಬಿಡುವಾಗ ಮತ್ತಷ್ಟು. ಮದುವೆಯ ವಾರಕ್ಕೆ ನಾಲ್ಕು ಸಾವಿರ ದಿರ್ಹಮ್ ಎಂದರೆ ಎಂಬತ್ತು ಸಾವಿರ ರೂಪಾಯಿ. ಕಾಕ ಖುಷಿಪಟ್ಟರು ಎಂದುಕೊಳ್ಳಬೇಡಿ, ಲೆನ್ಸಿನ ಬೆಲೆಯೂ ಅದೇ ಏಣಿ ಹತ್ತಿತ್ತು. ಆದರೆ ಈ ಸಲ ಅವರು ಲೆನ್ಸಿನ ಹಿಂದೆ ಓಡಬೇಕಾಗಿರಲಿಲ್ಲ, ದುಡಿಮೆಯೂ ಅದರ ಜೊತೆಗೇ ಓಡುತ್ತಿತ್ತು. ಲೆನ್ಸಿನ ಅರ್ಧ ಬೆಲೆಯಷ್ಟು ದಿರ್ಹಮನ್ನು ದುಬೈಯಲ್ಲಿ ಒಬ್ಬನ ಹತ್ತಿರ ಆಗಲೇ ಇಟ್ಟಿದ್ದರು. ಈ ಮದುವೆಯದ್ದು ಸೇರಿದರೆ ಸರಿಯಾಗಿ ಆಗುತ್ತಿತ್ತು, ಒಂದು ದಿರ್ಹಮ್ ಹೆಚ್ಚಿಲ್ಲ, ಕಮ್ಮಿಯಿಲ್ಲ. ಐವತ್ತೆಂಟನೆಯ ವಯಸ್ಸಿನಲ್ಲಿ ಆ ಮನುಷ್ಯ ಸ್ಕೂಟರಿನಲ್ಲಿ ಹಾಡು ಗುನುಗುತ್ತಿದ್ದರು.

ಮದುವೆ ಮೂಡುಬಿದಿರೆಯ ಒಂದು ಹಾಲಿನಲ್ಲಿ. ಹೆಂಗಸರ ಕಡೆ ನಾನು, ಗಂಡಸರ ಕಡೆ ಕಾಕ. ಊಟ ಮುಗಿಯುತ್ತಾ ಬಂದಾಗ ಅಣ್ಣನ ಹೆಂಡತಿ ನನ್ನನ್ನು ಕಂಬದ ಮರೆಗೆ ಕರೆದಳು. ಅವಳ ತಂಗಿಗೆ ಡಿಸೆಂಬರಿನಲ್ಲಿ ಮದುವೆ. "ನೀವೊಬ್ಬರೇ ಬನ್ನಿ. ಕಾಕ ಬೇಡ, ಅವರ ಬೊಬ್ಬೆ ಯಾರಿಗೆ ಬೇಕು? ರೂಪಾಯಿಯಲ್ಲಿ ಮಾತಾಡುವ," ಎಂದಳು. ನನ್ನ ಹೆಸರಿಗೆ ಬರುವ ಮೊದಲ ಮದುವೆ! ಆಗಲಿ ಎಂದು ಅಲ್ಲೇ ಒಪ್ಪಿಕೊಂಡೆ. ಕಾಕನಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಾ ಹೊರಗೆ ಬಂದಾಗ ಹಾಲಿನ ಮೆಟ್ಟಿಲಿನ ಬಳಿ ಜನ ಸೇರಿದ್ದರು.

ಅಣ್ಣನ ಕೈಯಲ್ಲಿ ಕವರು, ಕಾಕನ ಕೈಯಲ್ಲಿ ಕ್ಯಾಮರಾ ಮತ್ತು ಸ್ಟ್ಯಾಂಡು. ಕವರಿನಲ್ಲಿ ಎಪ್ಪತ್ತು ಸಾವಿರ. ಕಾಕ, "ಇದು ಯಾವ ಕಾಲದ ರೇಟು ಮಾರಾಯ? ನಿನ್ನ ಮದುವೆಗೆ ಇಳಿದಾಗ ಇಳಿಸಿಯೇ ತೆಗೆದುಕೊಂಡಿದ್ದೇನಲ್ಲ?" ಎನ್ನುತ್ತಿದ್ದರು. ಇನ್ನೂ ನಗುವೇ ಇತ್ತು ಸ್ವರದಲ್ಲಿ. ಅಣ್ಣ ಜೇಬಿನಿಂದ ಚೀಟಿ ತೆಗೆದು ಸುತ್ತ ನಿಂತವರಿಗೆ ಓದಿ ಹೇಳಿದ, ಎಪ್ಪತ್ತು ಸಾವಿರ ರೂಪಾಯಿ, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದಾರೆ. ನನ್ನ ಅಕ್ಷರ. ಚೀಟಿಯಲ್ಲಿ ರೂಪಾಯಿ ಇದೆ ಎಂಬುದೇ ಕಾಕನಿಗೆ ಆ ಕ್ಷಣದವರೆಗೆ ಗೊತ್ತಿರಲಿಲ್ಲ.

ಅವರು ನನ್ನ ಕಡೆ ತಿರುಗಿದರು. "ಹೇಳು ಮಗಳೇ. ಆ ದಿನ ನಾನು ಎಂಥ ಹೇಳಿದ್ದು?"

ಒಂದು ವಾಕ್ಯ ಸಾಕಿತ್ತು. ಕಾಕ ಹೇಳಿದ್ದು ದಿರ್ಹಮು, ರೂಪಾಯಿ ಬರೆದದ್ದು ನಾನು. ಅಷ್ಟೇ. ಅಣ್ಣನ ಹಿಂದೆ, ಬಾಗಿಲಲ್ಲಿ, ಅವನ ಹೆಂಡತಿ ನಿಂತು ನನ್ನನ್ನೇ ನೋಡುತ್ತಿದ್ದಳು. ನನ್ನ ಬಾಯಿಗೆ ಮಣ್ಣು ಹಾಕ… "ಚೀಟಿಯಲ್ಲಿ ಇದ್ದದ್ದೇ ಅಲ್ವಾ ಕಾಕ," ಎಂದುಬಿಟ್ಟೆ.

ಕಾಕನ ಮುಖ ಬಿಳುಚಿತು. ಅಣ್ಣ ನಕ್ಕ. "ನೋಡಿ, ನಿಮ್ಮ ಹುಡುಗಿಯೇ ಹೇಳ್ತಾಳೆ. ಪ್ರಾಯ ಆಯಿತು, ಇನ್ನಾದರೂ ಕಳ್ಳ ಬುದ್ಧಿ ಬಿಡಿ," ಎಂದ. ಕಳ್ಳ ಎಂಬ ಪದ ಪೂರ್ತಿ ಬಾಯಿಂದ ಬಂದಿತ್ತೋ ಇಲ್ಲವೋ, ಸ್ಟ್ಯಾಂಡು ಗಾಳಿಯಲ್ಲಿ ಶಿಳ್ಳೆ ಹಾಕಿಕೊಂಡು ಬಂದು ಅವನ ಭುಜಕ್ಕೆ ಬಡಿಯಿತು. ಎಲುಬಿನ ಸದ್ದು ನನಗೆ ಕೇಳಿಸಿತು. ಅವನು ಕೂಗಿಕೊಂಡು ಮೆಟ್ಟಿಲ ಮೇಲೆ ಕುಸಿದ. ಕಾಕ ಬಾಗಿದ ಕೋಲನ್ನು ಮತ್ತೆ ಎತ್ತುವಷ್ಟರಲ್ಲಿ ಆರೇಳು ಹುಡುಗರು ಮೇಲೆ ಬಿದ್ದರು. ಯಾರೋ ಕುರ್ಚಿಯಿಂದ ಬೆನ್ನಿಗೆ ಹೊಡೆದರು. ಯಾರೋ ಗಡ್ಡ ಹಿಡಿದು ಎಳೆದರು. ಕಾಕ ಅಂಗಳದ ಇಂಟರ್‌ಲಾಕ್ ಕಲ್ಲುಹಾಸಿನ ಮೇಲೆ ಬೋರಲು ಬಿದ್ದು ಕ್ಯಾಮರಾವನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡು ಅದರ ಮೇಲೆ ಮುದುಡಿದರು. ಪಕ್ಕೆಗೆ ಒದ್ದರು, ಏಳಲಿಲ್ಲ. ತಲೆಗೆ ಒದ್ದರು, ಬಿಡಲಿಲ್ಲ. ಹುಬ್ಬು ಒಡೆದು ರಕ್ತ ಕಲ್ಲಿನ ಸಂದಿಯಲ್ಲಿ ಹರಿಯಿತು. ಕ್ಯಾಮರಾ ಹೊಟ್ಟೆಯಡಿ ಇತ್ತು, ಬಲಗೈ ಹೊರಗೆ ಚಾಚಿತ್ತು. ಹೊಸ ಬೂಟು ಹಾಕಿದ ಒಬ್ಬ ಆ ಕೈಯ ಮೇಲೆ ಹತ್ತಿ ನಿಂತು ತಿರುಚಿದ. ಒಮ್ಮೆ ಅಲ್ಲ, ಮೂರು ಸಲ.

ನಾನು ಕೂಗಿದೆ. ಕೂಗಿದ್ದು ಮಾತ್ರ. ಎಲ್ಲರ ಮೇಲೂ ಹಾರಾಡುವ ನನ್ನ ಸಿಟ್ಟು ಅವತ್ತು ಎಲ್ಲಿ ಸತ್ತಿತ್ತೋ. ಕೊನೆಗೆ ಮದುಮಗಳ ತಂದೆ, ವಯಸ್ಸಾದ ಮನುಷ್ಯ, ಹುಡುಗರ ಕೆನ್ನೆಗೆ ಸಿಕ್ಕಸಿಕ್ಕಂತೆ ಬಾರಿಸಿ ಬಿಡಿಸಿದರು. ಕಾಕನನ್ನು ಆಸ್ಪತ್ರೆಗೆಂದು ಜೀಪಿಗೆ ಹತ್ತಿಸುವಾಗ ಅವರ ಬಲಗೈಯ ತೋರುಬೆರಳು ಹಿಂದಕ್ಕೆ ಮಡಚಿತ್ತು. ಕ್ಯಾಮರಾವನ್ನು ಎಡಗೈಯಲ್ಲಿ ನನ್ನತ್ತ ಚಾಚಿ, "ಕಾರ್ಡು ತೆಗೆದಿಡು, ಮದುವೆಯ ಫೋಟೋ ಉಂಟು," ಎಂದರು. ನಾನು ಜೀಪು ಹತ್ತಲಿಲ್ಲ. ಬಾಗಿದ ಸ್ಟ್ಯಾಂಡು ಅಂಗಳದಲ್ಲೇ ಬಿದ್ದಿತ್ತು, ಅದನ್ನು ಹೆಕ್ಕಿಕೊಂಡು ಬಸ್ಸಿನಲ್ಲಿ ಮನೆಗೆ ಬಂದೆ.

ಮೂರು ಬೆರಳು ಮುರಿದಿತ್ತಂತೆ. ಎರಡು ಕೂಡಿದವು, ತೋರುಬೆರಳು ಮಡಚಲು ಬರಲೇ ಇಲ್ಲ. ಕ್ಯಾಮರಾದ ಗುಂಡಿ ಒತ್ತುವ ಬೆರಳು ಅದು. ಕ್ಯಾಮರಾ, ಕಾರ್ಡು ಎಲ್ಲವನ್ನೂ ಬೇರೆಯವರ ಕೈಯಲ್ಲಿ ಕಳುಹಿಸಿದೆ. ಪೊಲೀಸರ ತನಕ ಹೋಗಿ ರಾಜಿಯಾಯಿತು ಎಂದು ಕೇಳಿದೆ. ಕಾಕ ನನಗೆ ಫೋನು ಮಾಡಲಿಲ್ಲ. ಮಾಡುವುದಾದರೂ ಯಾಕೆ, ನನ್ನ ಮುಖ ನೋಡಲೂ ಹೇಸಿಗೆ ಆಗಿರಬೇಕು ಎಂದುಕೊಂಡೆ. ಡಿಸೆಂಬರಿನಲ್ಲಿ ಆ ತಂಗಿಯ ಮದುವೆಗೆ ಹೋದೆ, ಹೌದು, ಹೋದೆ. ರೂಪಾಯಿಯಲ್ಲಿ ದುಡಿದೆ. ಒಳ್ಳೆಯ ಹೆಸರು ಬಂತು, ಅದರಿಂದ ಮತ್ತೆ ಹತ್ತು ಮದುವೆ ಬಂತು. ಕಾಕ ಈಗ ತಮ್ಮ ಭಾವನ ಚಪ್ಪಲಿ ಅಂಗಡಿಯಲ್ಲಿ ಕೂರುತ್ತಾರೆ ಎಂದು ಯಾರೋ ಹೇಳಿದರು. ಪಾಣೆಮಂಗಳೂರಿನ ಮೇಲೆ ಬಸ್ಸು ಹೋಗುವಾಗ ನಾನು ಆ ಅಂಗಡಿ ಕಾಣದ ಬದಿಯ ಸೀಟಿನಲ್ಲಿ ಕೂರುತ್ತಿದ್ದೆ. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎನ್ನುತ್ತಾ ಎಂಟು ವರ್ಷ ಕಳೆಯಿತು…

ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂತು. ಈ ಕೋಲು ಕೈಗೆ ಬಂದ ಮೇಲೆ ತಡೆಯಲಾಗಲಿಲ್ಲ, ಅವತ್ತೇ ಹೋದೆ. ಅವರ ಹೆಂಡತಿಯನ್ನು ನಾನು ಮಾಮಿ ಎನ್ನುತ್ತಿದ್ದೆ. ಗಂಡ ಹೋದ ಮೇಲಿನ ಇದ್ದತ್ತಿನಲ್ಲಿ ಒಳಕೋಣೆಯಲ್ಲೇ ಕೂತಿದ್ದರು, ಹೆಂಗಸರು ಒಳಗೆ ಹೋಗಬಹುದು. ನಾನು ಬಾಗಿಲು ದಾಟಿದೆ. ಮಾಮಿ ಎದ್ದರು, ಹತ್ತಿರ ಬಂದರು, ಕೆನ್ನೆಗೆ ಬಾರಿಸಿದರು. ಕಿವಿ ಗುಂಯ್ ಎಂದಿತು. "ಎಂಟು ವರ್ಷ! ಒಂದು ಸಲ ಬರಲಿಕ್ಕೆ ನಿನ್ನ ಕಾಲು ಮುರಿದಿತ್ತಾ?" ಎಂದು ಮತ್ತೊಂದು ಕೊಟ್ಟರು. ನಾನು ನಿಂತೇ ಇದ್ದೆ. ಮೂರನೆಯದಕ್ಕೆ ಎತ್ತಿದ ಕೈಯನ್ನು ನನ್ನ ತಲೆಯ ಮೇಲಿಟ್ಟು ಅತ್ತರು, ಇಬ್ಬರೂ ಅತ್ತೆವು.

ಆಮೇಲೆ ಚಹಾ ಕುಡಿಸಿ ಹೇಳಿದರು. ಸ್ಟೇಷನ್ನಿನಲ್ಲಿ ಪೊಲೀಸರು ಚೀಟಿ ಮುಂದಿಟ್ಟು, ಇದು ಯಾರ ಅಕ್ಷರ ಎಂದು ಕೇಳಿದರಂತೆ. ಕಾಕ, ನನ್ನದೇ ಸಾರ್, ಎಂದರಂತೆ. "ಕನ್ನಡ ಬರೆಯಲಿಕ್ಕೆ ಬಾರದ ಮನುಷ್ಯ! ಬರೆದು ತೋರಿಸಿ ಎಂದರೆ, ಪ್ಲಾಸ್ಟರ್ ಹಾಕಿದ ಕೈ ಎತ್ತಿ ತೋರಿಸಿ, ಇದರಲ್ಲಿ ಹೇಗೆ ಸಾರ್ ಬರೆಯುವುದು, ಅಂತ ಕೇಳಿದ್ರಂತೆ. ಅದನ್ನು ಇಲ್ಲಿ ಬಂದು ನಗಾಡಿಕೊಂಡು ಹೇಳಿದ್ರು. ನಿನ್ನ ಹೆಸರು ಹೇಳಿದರೆ ನಿನ್ನನ್ನು ಸ್ಟೇಷನ್ನಿಗೆ ಕರೀತಾರೆ, ಆಮೇಲೆ ಕೋರ್ಟು. ಅಷ್ಟು ಹೊತ್ತಿಗೆ ಹುಡುಗಿಯನ್ನು ಯಾವ ಮದುವೆಗೂ ಯಾರೂ ಕರೆಯುವುದಿಲ್ಲ, ಈಗ ತಾನೇ ಕೈ ಕುದುರಿದೆ ಅವಳಿಗೆ, ಅಂದ್ರು."

ಚೀಟಿ ತನ್ನದೇ ಎಂದ ಮೇಲೆ ಉಳಿದದ್ದೇನು? ತಾನೇ ರೂಪಾಯಿ ಬರೆದು, ಆಮೇಲೆ ಹೆಚ್ಚು ಕೇಳಿ, ಕೊಡದಿದ್ದಾಗ ಮೊದಲು ಹೊಡೆದವರು ಕಾಕ ಎಂದಾಯಿತು. ಬೆರಳು ಮುರಿಸಿಕೊಂಡವರೇ ಕೈಮುಗಿದು ತಪ್ಪೊಪ್ಪಿಕೊಂಡು, ಆ ಅಣ್ಣನ ಭುಜದ ಚಿಕಿತ್ಸೆಗೆ ದುಬೈಯಲ್ಲಿ ಇಟ್ಟಿದ್ದ ದಿರ್ಹಮ್ ತರಿಸಿ ಕೊಟ್ಟು ರಾಜಿ ಮಾಡಿಕೊಂಡರು. ಊರಿಗೆಲ್ಲ ಮಾತು ತಪ್ಪಿದವರು ಎನಿಸಿಕೊಂಡೇ ಚಪ್ಪಲಿ ಅಂಗಡಿಯಲ್ಲಿ ಎಂಟು ವರ್ಷ ಕೂತರು. ಫೋನು ಮಾಡದಿದ್ದದ್ದು ಹೇಸಿಗೆಯಿಂದ ಅಲ್ಲ. ಆ ಮನೆಯವರು ನನಗೆ ಕೆಲಸ ಕೊಡುತ್ತಿದ್ದಾರೆ, ತನ್ನ ಸಹವಾಸ ಕಂಡರೆ ಅದು ನಿಂತೀತು ಎಂಬ ಹೆದರಿಕೆಯಿಂದಂತೆ.

ನಾನು ಮಾಮಿಯ ಕೈ ಹಿಡಿದು ಹೇಳಿದೆ: "ಕಾಕ ಹೇಳಿದ್ದು ದಿರ್ಹಮ್ ಮಾಮಿ. ರೂಪಾಯಿ ಬರೆದದ್ದು ನಾನು."

ಮಾಮಿ, "ಅದು ನನಗೆ ಗೊತ್ತುಂಟಲ್ಲ? ನನಗೆ ಹೇಳಿ ಎಂಥ ಮಾಡುವುದು?" ಎಂದರು.

ಮನೆಗೆ ಬಂದು ಗುರುವಾಯನಕೆರೆಯ ಆ ಅಣ್ಣನಿಗೆ ಫೋನು ಮಾಡಿದೆ. ದುಬೈಯಲ್ಲಿದ್ದ. ಹೆಸರು ಹೇಳಿದ ಕೂಡಲೇ ಗುರುತು ಹಿಡಿದು, ಹೆಂಡತಿಯ ತಂಗಿಯ ಮದುವೆಯ ಆಲ್ಬಮ್ಮನ್ನು ಹೊಗಳಲು ಶುರುಮಾಡಿದ. ನಿಲ್ಲಿಸಿ, ಎಂದೆ. ಕಾಕ ತೀರಿಕೊಂಡರು ಎಂದೆ. ಆ ದಿನ ಕಾಕ ಹೇಳಿದ್ದು ದಿರ್ಹಮ್, ಚೀಟಿ ಬರೆದದ್ದು ನಾನು, ಮೆಟ್ಟಿಲಿನಲ್ಲಿ ಎಲ್ಲರೆದುರು ಸುಳ್ಳು ಹೇಳಿದ್ದೂ ನಾನು ಎಂದೆ. ಬೈಯಲಿ, ಕೂಗಾಡಲಿ, ಫೋನು ಕುಕ್ಕಲಿ ಎಂದು ಹಲ್ಲು ಕಚ್ಚಿ ಕಾದೆ.

"ಅದು ನಮಗೂ ಗೊತ್ತಿತ್ತು," ಎಂದ. "ಜಗಲಿಯಲ್ಲಿ ನಾನೇ ಕೂತಿದ್ದೆನಲ್ಲ? ಸುಮ್ಮನೆ ಚೌಕಾಸಿಗೆ ಎಳೆದು ನೋಡಿದ್ದು. ನೀವೊಂದು ಮಾತು ಹೇಳಿದ್ದರೆ ಆಗಲೇ ಕೊಟ್ಟುಬಿಡ್ತಿದ್ದೆ."

ನಾನು ಫೋನು ಇಟ್ಟೆ. ಇದನ್ನು ಹೋಗಿ ಹೇಳಲು, ಹೇಳಿ ಮಣಿಕಟ್ಟಿನ ಮೇಲೆ ಏಟು ತಿನ್ನಲು, ಕಾಕ ಇಲ್ಲ.